ಎರಡು ಪಾದದಷ್ಟು ಜಾಗ

ಹೋಟೆಲ್ಲಿಗೆ ವಾರದ ರಜೆ ಅಂದ್ರೆ ನನಗೆ ಕೂಲಿ.
ಸೋಮವಾರ ರಾತ್ರಿ ಶಟರ್ ಅರ್ಧ ಇಳಿಸಿ
ಒಲೆ ಆರಿದ ಮೇಲೆ ನನ್ನ ಒಳಗೆ ಬಿಡ್ತಾರೆ.
ಒಂದು ಬಕೆಟ್ಟು, ಎರಡು ಬ್ರಷ್ಷು, ಮೊಂಡು ಸ್ಕ್ರೂಡ್ರೈವರು,
ಮೊಣಕಾಲಿಗೆ ಕಟ್ಟಿಕೊಳ್ಳೋಕೆ ಹತ್ತಿ ಮೆತ್ತೆ.
ಮೆತ್ತೆ ಅಪ್ಪನದು. ಅಂದ್ರೆ, ಅವನು ಹಿಂಜಿದ ಹತ್ತಿ.

ಅಪ್ಪ ನನ್ನೆಸಾಬ ಬಿಲ್ಲು ಹೆಗಲಿಗಿಟ್ಟು
ಹಳೇಪೇಟೆ ಓಣಿ ಓಣಿ ತಿರುಗಿ ಗಾದಿ ತುಂಬ್ತಿದ್ದ,
ರೆಪ್ಪೆ ಮೇಲೆ ಅರಳೆ ಹೊತ್ತು ಮನೆಗೆ ಬರ್ತಿದ್ದ.
ನನ್ನ ರೆಪ್ಪೆ ಮೇಲೆ ಬಿಳಿ ಸಿಮೆಂಟು.
ಅವನು ಮೆತ್ತಗೆ ತುಂಬಿದ, ನಾನು ಗಟ್ಟಿ ತುಂಬ್ತೀನಿ.

ಜನಕ್ಕೆ ಟೈಲ್ಸ್ ಕಾಣ್ತವೆ, ಸಂದು ಕಾಣಲ್ಲ.
ಸಂದು ಕಂಡ ದಿನ ಆಸಿಡ್ ತಂದು ಸುರೀತಾರೆ.
ವಿದ್ಯಾನಗರದ ಒಬ್ಬ ಅಮ್ಮ ಸುರಿದು, ಹೊಗೆ ಕುಡಿದು, ಕೆಮ್ಮಿ,
ಕೊಳೆ ಹೋಯ್ತು, ಕೊಳೆ ಜೊತೆ ಸಂದೂ ಹೋಯ್ತು,
ಕೆಳಗಿನ ಮನೆಯೋರ ಸೂರಿನಲ್ಲಿ
ಯಾವುದೋ ದೇಶದ ನಕ್ಷೆ ಮೂಡ್ತು.
ಸೋಡಾ ಸಾಕಮ್ಮ, ಬಿಸಿನೀರು ಸಾಕು, ಮೊಣಕೈ ಬೇಕು.
ಅದೊಂದು ಬಾಟಲೀಲಿ ಸಿಗಲ್ಲ.

ಆರನೇ ಕ್ಲಾಸಿನಲ್ಲಿ ದುರ್ಗಕ್ಕೆ ಕರಕೊಂಡು ಹೋಗಿ
ಕೋಟೆ ಗೋಡೆ ತಟ್ಟಿ ತೋರಿಸಿದ್ರು ಮೇಷ್ಟ್ರು:
‘ಗಾರೆ ಇಲ್ರೋ, ಕಲ್ಲಿಗೆ ಕಲ್ಲೇ ಕೂತಾವೆ, ಸೂಜಿ ತೂರಲ್ಲ.’
ಭಾಳ ಹೆಮ್ಮೆ ಆಗಿತ್ತು ಆವಾಗ.
ಈಗ ಅನ್ನಿಸ್ತದೆ: ಎಲ್ಲಾರೂ ಹಂಗೇ ಕಟ್ಟಿದ್ರೆ
ನನ್ನ ಮಕ್ಕಳು ಏನು ತಿನ್ನಬೇಕಿತ್ತು?

ಈ ಅಡಿಗೆಮನೆಗೆ ಕಡಪ ಕಲ್ಲು.
ಗೋಡೆ ತುಂಬ ಬೋರಿನ ನೀರು ಬಿಟ್ಟ ಉಪ್ಪಿನ ಗೆರೆ,
ಅದು ಒಂದು ತಾಸಿನ ಕೆಲಸ.
ಕಾವಲಿ ಮುಂದೆ ಮಾತ್ರ ಎರಡು ತಗ್ಗು,
ಎಡದ್ದು ಒಂಚೂರು ಆಳ.
ಇಪ್ಪತ್ತೆರಡು ವರ್ಷ ಕೊಟ್ರಪ್ಪಣ್ಣ ನಿಂತ ಜಾಗ.
ದೋಸೆಗೆ ಬೆಣ್ಣೆ ಹಾಕೋವಾಗ ಎಡಗಾಲಿಗೆ ಭಾರ ಬಿಡ್ತಾನೆ.
‘ಕರ್ರಗಾಗೇತಿ. ತೆಗಿ ಜಿಡ್ಡು’ ಅಂದಿದ್ರು ಮಾಲೀಕರು.

ಮೈದಾ, ಸೋಡಾ ಗಟ್ಟಿಗೆ ಕಲಸಿ
ಉಳುಕಿದ ಕಾಲಿಗೆ ಪಟ್ಟು ಹಾಕಿದಂಗೆ ಹಾಕಿ
ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಟೇಪು ಅಂಟಿಸಿ
ಪಕ್ಕದಲ್ಲೇ ಮಲಗಿದೆ.
ಮಂಗಳವಾರ ಮಧ್ಯಾಹ್ನ ಬಿಚ್ಚಿದ್ರೆ ಪಟ್ಟು ಹಳದಿ.
ಮೂಸಿದೆ. ಬೆಣ್ಣೆ.
ಯಾವ ವರ್ಷದ್ದೋ,
ಕೊಟ್ರಪ್ಪಣ್ಣನ ಮೀಸೆ ಕಪ್ಪಿದ್ದಾಗಿನದೋ.
ಹಿತ್ತಲಿಗೆ ಹಾಕಿದೆ. ಬೆಕ್ಕೊಂದು ಬಂದು
ತಿನ್ನದೆ, ಹೋಗದೆ, ಯೋಚನೆ ಮಾಡ್ತಾ ಕೂತಿತು.

ಒಣಗಿಸಿ, ಸೀಲರ್ ಹಚ್ಚಿ, ಒರೆಸಿ,
ಆಮೇಲೆ ಪರೀಕ್ಷೆ: ಕಲ್ಲಿಗೊಂದು ಹನಿ ನೀರು.
ಮಣಿಯಾಗಿ ನಿಂತರೆ ಕಲ್ಲು ಬಾಯಿ ಮುಚ್ಚೇತಿ ಅಂತ,
ಹಬ್ಬಿ ಕಪ್ಪಾದರೆ ಇನ್ನೂ ದಾಹ ಅಂತ.
ನೆಲದ ತುಂಬ ಮಣಿ ನಿಂತವು,
ಒಂದೊಂದರಲ್ಲೂ ಒಂದೊಂದು ಟ್ಯೂಬ್‌ಲೈಟು.
ಆ ಎರಡು ತಗ್ಗಿನಲ್ಲಿ
ಇಟ್ಟ ಹನಿ ಇಟ್ಟಲ್ಲಿ ಇಲ್ಲ.
ಎರಡನೇ ಕೋಟು ಕೊಟ್ಟೆ. ಮೂರನೇದು. ಬಾಟಲಿ ಬರಿದಾಯ್ತು.
ಕುಡೀತು.

ಬುಧವಾರ ನಸುಕಿಗೆ ಕೊಟ್ರಪ್ಪಣ್ಣ ಬಂದ.
ಚಪ್ಪಲಿ ಬಾಗಿಲಾಚೆ ಬಿಟ್ಟು, ಹೊಳೆಯೋ ನೆಲದ ಮೇಲೆ
ಭದ್ರಾ ನಾಲೆಯ ಪಾಚಿ ಮೆಟ್ಟಿಲು ಇಳಿದಂಗೆ ಬೆರಳೂರಿ ನಡೆದು
ತಗ್ಗಿಗೆ ಕಾಲು ಕೊಟ್ಟು, ಒಂದು ಸಲ ಎಡಕ್ಕೆ ವಾಲಿ,
‘ಇಲ್ಲಿ ಜಾರಲ್ಲ ನೋಡು’ ಅಂದ.
ಕಾವಲಿಗೆ ನೀರು ಚಿಮುಕಿಸಿದ. ಚುಂಯ್ ಅಂತು.

ಮಾಲೀಕರು ಬಗ್ಗಿ ನೋಡಿದ್ರು:
‘ಅಷ್ಟು ಜಾಗ ಬಿಟ್ಟೀಯಲ್ಲೋ ದಾದಾಪೀರ?’
‘ಬಿಟ್ಟೀನಿ’ ಅಂದೆ.
ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.
ನೂರು ರೂಪಾಯಿ ಹಿಡಕೊಂಡು ಉಳಿದಿದ್ದು ಸಂದಾಯ ಮಾಡಿದ್ರು.

ಮೊದಲ ದೋಸೆ ಕೊಟ್ರಪ್ಪಣ್ಣ ನನಗೇ ಹಾಕಿದ.
ಬೆಣ್ಣೆ ಒಂದು ಉಂಡೆ ಜಾಸ್ತಿ.
ಅದರಿಂದ ಒಂದು ಹನಿ ಜಾರಿ ಕೆಳಗೆ ಬಿತ್ತು.
ಇಬ್ಬರೂ ನೋಡಿದ್ವಿ.
ನಾನು ಬಟ್ಟೆಗೆ ಕೈ ಹಾಕೋದರೊಳಗೆ ಅವನು
ಹೆಬ್ಬೆರಳಿಂದ ಅದನ್ನ ಕಲ್ಲಿಗೇ ಉಜ್ಜಿದ.