ಹನ್ನೊಂದು, ಇಪ್ಪತ್ತೊಂಬತ್ತು

ಇಲ್ಲಿ ಗೋಪುರವಿಲ್ಲ.
ಒಂದು ತಗಡಿನ ಚಪ್ಪರ, ಬೆಂಕಿ ಆರಿಸುವ ಎರಡು ಸಿಲಿಂಡರು,
ಕಂಬದ ತುದಿಗೆ ಗಾಳಿಚೀಲ,
ಬಿಸಿಲಿಗೆ ಕಿತ್ತಳೆ ಬಣ್ಣ ಹೋಗಿ ಹಳೇ ಒಳಂಗಿಯ ಹಾಗಾಗಿದೆ.
ಮತ್ತೆ ನಾನು, ತುಯಾಕುಲಾ,
ಪಿಕಪ್ ಗಾಡಿಯ ಡ್ರೈವರು.

ಬೆಳಿಗ್ಗೆ ಪಟ್ಟಿಯ ಉದ್ದಕ್ಕೂ ಒಮ್ಮೆ ಹೋಗಿ ಒಮ್ಮೆ ಬರುತ್ತೇನೆ.
ರಾತ್ರಿ ಆರ್ಡ್‌ವಾರ್ಕ್ ತೋಡಿಟ್ಟ ಗುಂಡಿಗೆ ಜಲ್ಲಿ ತುಂಬಿ
ಕಾಲಲ್ಲಿ ತುಳಿದು, ಸಾಲದೆ, ಚಕ್ರದಲ್ಲಿ ತುಳಿಸುತ್ತೇನೆ.
ಓರಿಕ್ಸ್‌ಗಳು ಹಾರ್ನಿಗೆ ಜಗ್ಗುವುದಿಲ್ಲ.
ಗಾಡಿಯ ಬಾಗಿಲನ್ನು ಹೊರಗಿನಿಂದ ದಬದಬ ಬಡಿದರೆ,
ಅದೂ ಮನಸ್ಸು ಬಂದರೆ,
ಸಾಲ ಕೊಟ್ಟವರ ಠೀವಿಯಲ್ಲಿ ಬದಿಗೆ ಸರಿಯುತ್ತವೆ.

ಪಟ್ಟಿ ಒಂದೇ, ಹೆಸರು ಎರಡು.
ಕಡಲ ಕಡೆಯಿಂದ ನೇರ ಬಂದು ಇಳಿಯುವವನಿಗೆ ಹನ್ನೊಂದು,
ವಿಂಡ್‌ಹುಕ್ ಕಡೆಯಿಂದ ಬಂದವಳಿಗೆ ಇಪ್ಪತ್ತೊಂಬತ್ತು.
ಇವತ್ತು ಯಾವ ಹೆಸರು ಎಂದು ಗಾಳಿ ಹೇಳುತ್ತದೆ,
ಕೇಳುವವರಿದ್ದರೆ.

ಆನ್ನೆಲೀ ಬ್ರೋಕ್‌ಹಾಸ್ ಕೇಳುವವಳು.
ಮೂರು ಜನ ಪ್ರವಾಸಿಗರನ್ನು ಕೂರಿಸಿಕೊಂಡು
ಬರಿ ಆಕಾಶಕ್ಕೆ ಲೆಕ್ಕ ಒಪ್ಪಿಸುತ್ತಾ ಬರುತ್ತಾಳೆ:
ಹತ್ತು ಮೈಲಿ ಪೂರ್ವದಲ್ಲಿದ್ದೇನೆ,
ಈಗ ಗಾಳಿ ನನ್ನ ಬೆನ್ನಿಗಿದೆ,
ಈಗ ಎಡಕ್ಕೆ ಹೊರಳಿದೆ,
ಈಗ ನೇರ, ಇಳಿಯುತ್ತಿದ್ದೇನೆ, ಇಪ್ಪತ್ತೊಂಬತ್ತು.
ಯಾರಿಗೆ ಹೇಳುತ್ತಾಳೆ?
ಇರಬಹುದಾದವರಿಗೆ.
ಮೊದಮೊದಲು ನನಗೆ ನಗು ಬರುತ್ತಿತ್ತು.
ಆಮೇಲೆ ತಿಳಿಯಿತು: ದೀಪ ಹೋದ ಮನೆಯಲ್ಲಿ
ಬಿಸಿ ಪಾತ್ರೆ ಹಿಡಿದು ನಡೆಯುವವಳು
ಯಾರಿದ್ದೀರಿ ಎಂದು ಕೇಳುವುದಿಲ್ಲ,
ಬಂದೆ, ಬಂದೆ, ಎನ್ನುತ್ತಾಳೆ.

ಜುಲೈ ತಿಂಗಳ ಒಂದು ಸಂಜೆ
ಸೂರ್ಯ ಪಟ್ಟಿಯ ಪಡುವಣ ತುದಿಯಲ್ಲೇ ಕೂತಿದ್ದ.
ಆನ್ನೆಲೀ ನೇರಕ್ಕೆ ಬಂದಿದ್ದಳು, ಬೆಳಕಿಗೆ ಮುಖ ಕೊಟ್ಟು.
ಅಷ್ಟರಲ್ಲಿ ಸೂರ್ಯನ ಒಳಗಿಂದ ಇನ್ನೊಂದು ಎಂಜಿನ್ನು.
ನನ್ನ ರೇಡಿಯೋದಲ್ಲಿ ಅವನಿಲ್ಲ.
ಕಿವಿಯಲ್ಲಿದ್ದಾನೆ.

ನನ್ನ ರೇಡಿಯೋ ಕೇಳಿಸುತ್ತದೆ ಅಷ್ಟೇ, ಆಡಲು ಬಾಯಿಲ್ಲ.
ಕೈಬೀಸಿದರೆ ಯಾರಿಗೆ ಕಾಣುತ್ತದೆ, ಆ ಧೂಳಿನಲ್ಲಿ?
ಕೀಲಿ ತಿರುಗಿಸಿದೆ. ಮೊದಲ ಸಲ ಕೆಮ್ಮಿತು.
ಎರಡನೇ ಸಲ ಹೊರಟಿತು.
ಪಟ್ಟಿಯ ನಟ್ಟನಡುವೆ ಗಾಡಿ ಅಡ್ಡ ನಿಲ್ಲಿಸಿ
ಇದ್ದ ದೀಪವನ್ನೆಲ್ಲ ಹಾಕಿ
ಇಳಿದು ಓಡಬೇಕಿತ್ತು,
ಓಡಲಿಲ್ಲ.
ಕೈ ಸ್ಟೀರಿಂಗ್ ಬಿಡಲೊಲ್ಲದು.
ಹಾರ್ನಿಗೆ ಜಗ್ಗದ ಒಂದು ಪ್ರಾಣಿಯಾಗಿ ಕೂತೆ.

ಎರಡೂ ಎಂಜಿನ್ನು ಒಟ್ಟಿಗೆ ದನಿ ಏರಿಸಿದವು.
ಒಂದು ನೆರಳು ಬಾನೆಟ್ಟಿನ ಮೇಲೆ, ಒಂದು ಹಿಂದೆ ಎಲ್ಲೋ.
ನಡುವೆ ಎಷ್ಟು ಅಂತರವಿತ್ತೆಂದು
ವರದಿಯಲ್ಲಿ ಆನ್ನೆಲೀ ಒಂದು ಅಂಕಿ ಬರೆದಳು, ಅವನೊಂದು.
ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ: ಒಂದು ಕೆಮ್ಮಿನಷ್ಟು.

ಅವನು ಡೀಡ್ರಿಕ್. ಇಳಿದವನೇ ಕೂಗಾಡುತ್ತಾ ಬಂದ:
ಯಾವ ಹುಚ್ಚಿ ಗಾಡಿ ತಂದು ನಿಲ್ಲಿಸಿದ್ದು!
ಆನ್ನೆಲೀ ಏನೂ ಹೇಳದೆ ಅವನ ವಿಮಾನದೊಳಗೆ ಬಗ್ಗಿ
ರೇಡಿಯೋದ ಒಂದು ಅಂಕಿಗೆ ಬೆರಳು ಮುಟ್ಟಿಸಿದಳು.
ಅದು ಹಿಂದಿನ ಊರಿನದು. ತಿರುಗಿಸಲು ಮರೆತದ್ದು.
ಅವನು ರೆಕ್ಕೆಯ ನೆರಳಲ್ಲಿ ಕುಸಿದು ಕೂತ.
ನೀರು ಕೊಟ್ಟೆ. ಕೈ ನಡುಗಿ ಅರ್ಧ ಚೆಲ್ಲಿದ.
ಅವನದೂ, ನನ್ನದೂ.

ಪ್ರವಾಸಿಗರ ಪೈಕಿ ಮುದುಕಿಯೊಬ್ಬಳು, ಟೋಪಿ ಸರಿಪಡಿಸುತ್ತಾ,
ಮತ್ತೆ ಯಾಕೆ ಮೇಲೆ ಹೋದೆವು, ಪಟ್ಟಿಯಲ್ಲಿ ಪ್ರಾಣಿ ಇತ್ತೆ, ಎಂದಳು.
ಹೌದು, ಎಂದಳು ಆನ್ನೆಲೀ, ನನ್ನತ್ತ ನೋಡದೆ.
ಒಂದಿತ್ತು.

ಮಾರನೇ ಬೆಳಿಗ್ಗೆ ಗುಂಡಿ ಮುಚ್ಚುವಾಗ
ನನ್ನ ಚಕ್ರದ ಗುರುತು ಪಟ್ಟಿಗೆ ಅಡ್ಡವಾಗಿ ಕಂಡಿತು.
ಕುಂಟೆ ಎಳೆದು ಅಳಿಸಬೇಕಾದ್ದು ನನ್ನ ಕೆಲಸ.
ಬಿಟ್ಟೆ.
ಮಧ್ಯಾಹ್ನದ ಗಾಳಿ ಎದ್ದು
ಎರಡು ದಿನ ತೆಗೆದುಕೊಂಡಿತು.