ಖಾರದ ಕೈ

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕ ಹೆಸರಾದದ್ದು,
ಖಾರಕ್ಕಲ್ಲ, ಅಂತಾರ.
ಅನ್ನವರು ಒಂದಿನ ಬಂದು
ನಮ್ಮ ಸಾಲಿನ್ಯಾಗ ಕುಂತು
ಚೀಲಗಟ್ಟಲೆ ತೊಟ್ಟು ಮುರೀಲಿ,
ಸಂಜೀಮುಂದ ಮರತು ಕಣ್ಣ ಒರಸಿಕೊಳ್ಳಲಿ,
ಆಮ್ಯಾಲೆ ಮಾತಾಡೋಣು.

ಭೂಮಿಕಾ ಹುಟ್ಟಿದಾಗ ಕೂಸಿನ ಮನಿ ಇರಲಿಲ್ಲ.
ತಗಡಿನ ಶೆಡ್ಡಿನ ಜಂತಿಗೆ ಹಳೇ ಸೀರಿ ಕಟ್ಟಿ
ಅದರಾಗ ಹಾಕಿದ್ದೆ. ಘಾಟಿಗೆ ಸೀನಿದರ
ಸೀರಿ ತಾನ ತೂಗತಿತ್ತು.
ಹಾಲ ಕುಡಸಾಕ ಎತ್ತಿದೆ. ಅಷ್ಟ.
ಕೈ ಸೆರಗಿಗೆ ಒರಸಿದ್ದೆ, ಸೆರಗೂ ಖಾರ.
ಆ ರಾತ್ರಿ ಓಣಿಗೆ ಓಣೀನ ಎದ್ದು ಕುಂತಿತ್ತು.
ಈಗ ಆಕಿ ನಾಕನೇತ್ತಾ.
ಮುಖ ಒರಸಾಕ ಹೋದರ ಇವತ್ತಿಗೂ
ಗದ್ದ ಆ ಕಡೆ ಹೊಳ್ಳತೈತಿ.
ಆಕಿಗೆ ನೆನಪಿಲ್ಲ. ಗದ್ದಕ್ಕ ಐತಿ.

ಮಾಲತೇಶನ ಹೊತ್ತಿಗೆ
ಪಂಚಾಯತಿಯವರು ಹಳೇ ಕೋಣಿ ಖಾಲಿ ಮಾಡಿಸಿ, ಸುಣ್ಣ ಹೊಡಸಿ
ಹಜರತಬಿನ್ನ ಕುಂದರಿಸಿದರು.
ಹದಿನಾರು ಕೂಸು, ಮೂರು ಚಾಪಿ,
ಕಾಲು ಮುರದ ಕುದರಿ ಒಂದು.

ಮೊದಲನೇ ದಿನ ಮಧ್ಯಾಹ್ನ ಓಡಿ ಬಂದೆ,
ಎದಿ ತುಂಬಿ ಕುಪ್ಪಸ ತೊಯ್ದಿತ್ತು.
ಹೊಸ್ತಿಲದಾಗ ಅಡ್ಡ ನಿಂತಳು.
“ಕೈ ತೋರಸು.”
ನನ್ನ ಕೂಸು ಎತ್ತಾಕ ನಿನ್ನ ಅಪ್ಪಣಿ ಬೇಕೇನು, ಅಂದೆ.
ಆಕಿ ಮಾತಿಗೆ ಮಾತು ಬೆಳಸಲಿಲ್ಲ. ಬಾಟ್ಲಿ ಬಗ್ಗಿಸಿ
ಅಂಗೈತುಂಬ ಎಣ್ಣಿ ಹಾಕಿದಳು,
ಉಗುರ ಸಂದಿ, ಬೆರಳ ಸಂದಿ ತಿಕ್ಕಿದಳು,
ಕಡ್ಲಿಹಿಟ್ಟು, ನೀರು, ಮತ್ತ ಎಣ್ಣಿ, ಮತ್ತ ನೀರು,
ಕಡೀಕ ಮಜ್ಜಿಗಿ.
ಗೂಟಕ್ಕಿದ್ದ ಬಿಳೇ ಅರಿವಿ ಕೊಟ್ಟು
ಸೆರಗಿನ ಮ್ಯಾಲೆ ಹೊಚ್ಚಿಕೋ ಅಂದಳು.
ಮದುವ್ಯಾಗ ಸೈತ ನನ್ನ ಕೈ ಅಷ್ಟು ಹೊತ್ತು
ಯಾರೂ ಹಿಡದಿರಲಿಲ್ಲ.

ಸಂಜಿಗೆ ಮನಿಗೆ ಹೊಂಟಾಗ ಸುದ್ದಿ ಹೇಳತಾಳ,
ದಲಾಲಿ ಅಂಗಡ್ಯಾಗ ಗುಮಾಸ್ತ ಲೆಕ್ಕ ಓದಿದಂಗ:
ಎರಡು ತುತ್ತು ಉಳಿಸಿದ.
ಎಡಮಗ್ಗಲಾ ಮಲಗಿಸಿದರ ಲಗೂನ ನಿದ್ದಿ ಹತ್ತತೈತಿ ಇವಗ.
ಸಿಂಚನಾನ ಕೂದಲ ಜಗ್ಗಿದ,
ಆಕಿ ಅಳೂದ ನೋಡಿ ತಾನೂ ಅತ್ತ.
ನಳದ ಹತ್ತರ ಕಪ್ಪಿ ಕಂಡು ‘ಪಪ್ಪಿ’ ಅಂದ, ಎರಡು ಸಲ.
ನಾ ಕಾಣದ ಅಷ್ಟೂ ಹೊತ್ತು
ಉಡಿಯಾಗ ಹಾಕಿ ಕಳಸತಾಳ.

ಹಾವೇರಿಯಿಂದ ಜೀಪಿನ್ಯಾಗ ಬಾಯಾರೊಬ್ಬರು ಬಂದಿದ್ದರು.
ಗ್ವಾಡಿ ಮ್ಯಾಲಿನ ಚಿತ್ರ ಎಣಿಸಿದರು.
ಆನಿ ಐತಿ, ಇಲಿ ಇಲ್ಲ, ಅಂತ ಬರಕೊಂಡರು.
(ಇಲಿ ಇತ್ತು. ಗ್ವಾಡಿ ಮ್ಯಾಲೆ ಇರಲಿಲ್ಲ, ಅಷ್ಟ.)
“ಮಕ್ಕಳಿಗೆ ಏನೇನು ಕಲಿಸಿದ್ದೀರಿ?”
ಹಜರತಬಿ ಭಾಳ ಹೊತ್ತು ವಿಚಾರ ಮಾಡಿದಳು.
“ಇನ್ನೂ ಹೊರಗ ಬಿದ್ದಿಲ್ರಿ,” ಅಂದಳು.
ಬಾಯಾರು ಆ ಸಾಲು ಖಾಲಿ ಬಿಟ್ಟು ಹೋದರು.

ಮೊನ್ನಿ ಗುರುವಾರ ಮಾಲು ಬಾಳ ಬಂದಿತ್ತು, ಕತ್ತಲಾತು.
ಹಜರತಬಿ ಒಳಗ ಯಾವುದೋ ಕೂಸಿನ ಹಣಿಗೆ ಒದ್ದಿ ಅರಿವಿ ಇಡತಿದ್ದಳು.
ಹೊಸ್ತಿಲದಾಗ ಯಾರೂ ಇಲ್ಲ.
ನಾ ದಾಟಿಬಿಟ್ಟೆ, ತೋಳ ಚಾಚಿದೆ.
ಮಾಲತೇಶ ಎರಡು ಹೆಜ್ಜಿ ಹಿಂದ ಸರದ.

ಭೂಮಿಕಾನ ಗದ್ದ ಕಣ್ಣಮುಂದ ಬಂತು.
ನಿಂತಲ್ಲೇ ನಿಂತೆ.

ಇಂವ ಮೂಲಿಗೆ ಹೋಗಿ
ಮುಚ್ಚಳಿಲ್ಲದ ಬಾಟ್ಲಿ ಹೊಟ್ಟಿಗೆ ಅವಚಿಕೊಂಡು ತಂದ.
ಅರ್ಧ ಎಣ್ಣಿ ಅಂಗಿಗೆ, ಅರ್ಧ ನೆಲಕ್ಕ,
ಚೂರು ನನ್ನ ಕೈಗೆ.
ಮುಟ್ಟಲಿಲ್ಲ. ದೂರ ನಿಂತು, ಆಕಿ ನಿಂದರೂ ಹಂಗ ಸೊಂಟಕ್ಕ ಕೈ ಇಟ್ಟು
ನನ್ನ ಬೆರಳ ಎಣಿಸಿದ:
ಒಂದ, ಎಲ್ಡ, ನಾಕ, ಎಲ್ಡ.
ಮೂರು ಅವಗ ಇನ್ನೂ ಬಂದಿಲ್ಲ.
ನಾ ಮೂರನೇದೂ ತಿಕ್ಕಿ ತೊಳದೆ.

ಆಮ್ಯಾಲೆ ತಾನ ಬಂದು ಹೆಗಲಿಗೆ ಬಿದ್ದ.

ಮನ್ಯಾಗ ದೊಡ್ಡಾಕಿ ಒಬ್ಬಾಕೀನ ದೀಪ ಹಚ್ಚಿ ಕುಂತಿರತಾಳ.
ಬಿಳೇ ಅರಿವಿ ಇವತ್ತೊಂದಿನ ಒಯ್ಯತೀನಿ, ಅಂದೆ.
ಯಾಕಂತ ಕೇಳಲಿಲ್ಲ ಹಜರತಬಿ.
ಉಳದ ಎಣ್ಣೀನೂ ಕೊಟ್ಟಳು.