ಜೆರಾಕ್ಸ್ ಅಂಗಡಿಯ ಸೇಸಪ್ಪ ಹೊಸ ಹುಡುಗಿಗೆ ಹೇಳಿದ್ದು

ಬಾ, ನೆರಳಿಗೆ ನಿಲ್ಲು. ಕೊಣಾಜೆಯ ಬಿಸಿಲು
ಗುಡ್ಡ ಹತ್ತಿ ಬಂದದ್ದು, ಅದಕ್ಕೂ ಏದುಸಿರು.
ಸೋಶಿಯಾಲಜಿಯಾ? ಚೀಟಿ ನೋಡುವಾಗಲೇ ಗೊತ್ತಾಯಿತು.
ಕೆಮಿಸ್ಟ್ರಿಯವರು ತರುವುದು ನಾಲ್ಕು ಪುಟ.
ನಿಮ್ಮವರು ನಾನೂರು.

ಹತ್ತೊಂಬತ್ತು ವರ್ಷ, ಈ ಗಾಜಿನ ಮೇಲೆ
ನಿಮ್ಮ ಪಾಠಗಳನ್ನೆಲ್ಲ ಬೋರಲು ಮಲಗಿಸಿದ್ದೇನೆ.
ಕರೆಂಟು ಹೋಗಿ ಬಂದು ಮಿಷನ್ ಬಿಸಿಯಾಗುವಷ್ಟು ಹೊತ್ತು
ಒಂದೊಂದು ಸಾಲು ಓದುವುದೂ ಉಂಟು.

ಮೊದಲ ತಿಂಗಳು ವ್ಯಾಖ್ಯೆಗಳು.
ಸಮಾಜ ಎಂದರೇನು, ಐದು ಅಂಕಕ್ಕೆ.
ಯುರೋಪಿನ ಗಡ್ಡದವರ ಫೋಟೋ,
ಪ್ರತಿಯ ಪ್ರತಿಯ ಪ್ರತಿ ತೆಗೆದಾಗ
ಮುಖ ಹೋಗಿ ಗಡ್ಡ ಮಾತ್ರ ಉಳಿದಿರುತ್ತದೆ.
ಹೆದರಬೇಡ, ಪರೀಕ್ಷೆಗೆ ಅಷ್ಟು ಸಾಕು.

ದೀಪಾವಳಿ ಕಳೆದ ಮೇಲೆ ಮನೆಯಲ್ಲಿ ಜಗಳ.
ಮದುವೆ ಊಟದಲ್ಲಿ ಯಾರ ಪಂಕ್ತಿ ಮೊದಲು ಎಂದು ನೋಡುತ್ತೀ,
ಬಂಗುಡೆಯ ನಡುತುಂಡು ಯಾರ ಬಟ್ಟಲಿಗೆ ಬಿತ್ತು ಎಂದು ಎಣಿಸುತ್ತೀ,
ಹಿತ್ತಿಲ ಗೋಡೆಯ ಮೇಲೆ ಕವುಚಿಟ್ಟ ಆ ಒಂದು ಲೋಟ
ಒಳಗೆ ಯಾಕೆ ಬರುವುದಿಲ್ಲ ಎಂದು
ಕೇಳಿಯೇ ಬಿಡುತ್ತೀ, ನೆಂಟರಿರುವಾಗ.
"ಇದನ್ನು ಕಲಿಯಲಿಕ್ಕೆ ನಾನು ಫೀಸು ಕಟ್ಟಿದ್ದಾ?"
ಅಪ್ಪ ಹೇಳುವುದು ಇದೇ ಮಾತು,
ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ.

ಆಮೇಲೆ ಬಸ್ಸು.
ಕಿಟಕಿ ನೋಡುವುದು ಬಿಟ್ಟು ಸೀಟು ನೋಡಲಿಕ್ಕೆ ಸುರು.
ತೊಕ್ಕೊಟ್ಟಿನಲ್ಲಿ ಹತ್ತಿದ ಬುರ್ಖಾದ ಹೆಂಗಸಿನ ಪಕ್ಕ
ಜಾಗ ಖಾಲಿ ಇದ್ದೂ ಯಾರು ನಿಂತೇ ಇದ್ದರು
ದೇರಳಕಟ್ಟೆಯವರೆಗೆ.
ಒಂದು ದಿನ ನೀನೂ ನಿಂತಿದ್ದದ್ದು ನೆನಪಾಗುತ್ತದೆ.
ಅದು ಸಿಲೆಬಸ್ಸಿನಲ್ಲಿಲ್ಲ.

ಎರಡನೇ ವರ್ಷ ಪ್ರಶ್ನಾವಳಿ ಹಿಡಿದು
ನಮ್ಮಂಥವರನ್ನು ಹುಡುಕಿ ಬರುತ್ತೀರಿ.
ವಿಲ್ಮಾ ಎಂಬವಳು ಬಂದಿದ್ದಳು, ಇದೇ ಸ್ಟೂಲು.
ಅಸಂಘಟಿತ ವಲಯದ ಸ್ವ-ಉದ್ಯೋಗಿ, ಅದು ನಾನಂತೆ!
ಆದಾಯ ಕೇಳಿದಳು, ಸುಳ್ಳು ಹೇಳಿದೆ.
ಸಾಲ ಕೇಳಿದಳು, ಅದೂ ಸುಳ್ಳು, ಬೇರೆ ನಮೂನೆಯದ್ದು.
ಎರಡನ್ನೂ ಚಂದದ ಅಕ್ಷರದಲ್ಲಿ ಬರೆದುಕೊಂಡಳು.

ಮೇ ತಿಂಗಳಲ್ಲಿ ನಾಲ್ಕು ಪ್ರತಿ, ಕಪ್ಪು ರಟ್ಟು, ಬಂಗಾರದ ಅಕ್ಷರ.
ಪುಟ ಎಪ್ಪತ್ತಮೂರು ಗಾಜಿಗೆ ತಾಗಿದಾಗ
ಆ ಹಸಿರು ಬೆಳಕು ಎಡದಿಂದ ಬಲಕ್ಕೆ
ನನ್ನ ಮೇಲೆಯೇ ಹಾದುಹೋಯಿತು.
"ಮಾಹಿತಿದಾರ ಹದಿನಾಲ್ಕು: ಸುಧಾಕರ ಬಲ್ಲಾಳ.
ಹೆಸರು ಬದಲಿಸಲಾಗಿದೆ."

ನನ್ನ ಅಜ್ಜ ಯಾವ ಬೀಡಿನ ಅಂಗಳಕ್ಕೆ
ಕಾಲಿಡುವ ಹಾಗಿರಲಿಲ್ಲವೋ
ಅಂಥದೇ ಬೀಡಿನ ಹೆಸರು ನನಗೆ
ಪುಟಕ್ಕೆ ಒಂದು ರೂಪಾಯಿಯಂತೆ ಸಿಕ್ಕಿತು ಮಾರಾಯ್ತಿ.
ನಗು ಬಂತು.
ಪೇಪರ್ ಜಾಮ್ ಆಗಿದೆ ಎಂದು ಹೇಳಿ
ಹಿಂದೆ ಹೋಗಿ ಮುಖ ತೊಳೆದುಕೊಂಡೆ.

ಪಾಪ, ಕೆಟ್ಟವಳಲ್ಲ ಅವಳು. ಪಾಸಾದಾಗ ಸಿಹಿ ತಂದಿದ್ದಳು.
ನನ್ನ ಗುಟ್ಟು ಕಾಯಲಿಕ್ಕೆಂದೇ ಮಾಡಿದ್ದು.
ಯಾವ ಹೆಸರು ಇಡಲಿ ಎಂದು
ಒಮ್ಮೆ ಕೇಳಬಹುದಿತ್ತು, ಅಷ್ಟೇ.
ಅದಕ್ಕೇ ಹೇಳುವುದು, ಫಾರಂ ತುಂಬಿದ ಮೇಲೆ
ಪೆನ್ನಿನ ಮುಚ್ಚಳ ಹಾಕಿ ಸ್ವಲ್ಪ ಕೂತಿರು.
ಒಂದು ಚಾ ಆರುವಷ್ಟು ಹೊತ್ತು.
ಜನ ಮಾತಾಡುವುದು ಆಮೇಲೆ.

ಹಾಂ, ಆಯಿತು ನೋಡು. ಬಿಸಿ ಉಂಟು, ಜಾಗ್ರತೆ.
ನಾನೂರ ಹನ್ನೆರಡು. ಹನ್ನೆರಡು ಬಿಡು.
ನಿಮ್ಮ ಕ್ಲಾಸಿನವರದ್ದೆಲ್ಲ ಒಂದೇ ನಮೂನೆ ಕಟ್ಟು,
ಅದಲುಬದಲಾದೀತು.
ಮೇಲೆ ಎಂತ ಹೆಸರು ಬರೆಯಲಿ?